ಮಾಂಸ ಸುಡುವ ಸೌದೆ, ಹೊಗೆಯ ಮರ: ಮೂಡಲಪಾಳ್ಯದ ಸುತ್ತಿನ ಆಯ್ಕೆಗಳು

ಮಾಂಸವನ್ನು ಕೆಂಡದ ಮೇಲೆ ಸುಡಲು, ಹೊಗೆಯಲ್ಲಿ ಬೇಯಿಸಲು ಅಥವಾ ಒಲೆಯ ಮೇಲೆ ತೂಗುಹಾಕಿ ಒಣಗಿಸಲು ಬೇಕಾದ ಮರವನ್ನು ಆರಿಸುವ ಬಗೆ ಈ ಲೇಖನದ ವಿಷಯ. ಮರವೆಂದಾಗ ಅದರಿಂದಾದ ಇದ್ದಿಲೂ ತೆಂಗಿನ ಚಿಪ್ಪಿನಂಥ ಉರುವಲೂ ಅದರಲ್ಲಿ ಸೇರಿವೆ. ಉಪ್ಪು ಮಸಾಲೆಗಳಂತೆ ಸೌದೆಯೂ ಮಾಂಸದ ರುಚಿಯಲ್ಲಿ ಪಾಲು ಪಡೆಯುತ್ತದೆ. ಉಪ್ಪು ಹೆಚ್ಚಾದರೆ ನಾಲಿಗೆ ಹೇಳುತ್ತದೆ. ಸೌದೆ ಕೆಟ್ಟದ್ದಾದರೆ ನಾಲಿಗೆಗೆ ತಿಳಿಯದೆಯೂ ವಿಷ ಒಳಗೆ ಹೋಗಬಹುದು. ಆದ್ದರಿಂದ ಇಲ್ಲಿ ರುಚಿಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಇದು ಯಾವ ಮರ? ಇದಕ್ಕೆ ಏನನ್ನು ಬಳಿದಿದ್ದಾರೆ?

ಮೂಡಲಪಾಳ್ಯ ಪಶ್ಚಿಮ ಬೆಂಗಳೂರಿನಲ್ಲಿ ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ, ವಿಜಯನಗರದಿಂದ ನಾಗರಭಾವಿಗೆ ಹೋಗುವ ಹಾದಿಯಲ್ಲಿದೆ. ಸೌದೆಯ ಮಟ್ಟಿಗೆ ಇದು ಅನುಕೂಲದ ಜಾಗವೂ ಹೌದು, ಅಪಾಯದ ಜಾಗವೂ ಹೌದು. ಮಾಗಡಿ, ರಾಮನಗರ, ಕನಕಪುರಗಳ ಹುಣಸೆ, ಮಾವು, ಹಿಪ್ಪುನೇರಳೆ, ಸರ್ವೆ ಈ ಎರಡು ರಸ್ತೆಗಳಲ್ಲೇ ನಗರಕ್ಕೆ ಬರುತ್ತವೆ. ಕಾಮಾಕ್ಷಿಪಾಳ್ಯದ ಪೀಠೋಪಕರಣದ ಕಾರ್ಖಾನೆಗಳೂ ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಬಡಾವಣೆಯ ಸಾಮಿಲ್ಲುಗಳೂ ಹತ್ತಿರದಲ್ಲೇ ಇರುವುದರಿಂದ ಪ್ಲೈವುಡ್ ಚೂರು, ಪಾಲಿಶ್ ಹೊಡೆದ ತುಂಡು, ಹೆಸರು ತಿಳಿಯದ ಮರದ ಹೊಟ್ಟು ಬಹಳ ಅಗ್ಗವಾಗಿ ಸಿಗುತ್ತವೆ. ಮೊದಲನೆಯ ಗುಂಪನ್ನು ಆರಿಸಿಕೊಂಡು ಎರಡನೆಯದನ್ನು ದೂರವಿಡುವುದೇ ಇಲ್ಲಿನ ಆಯ್ಕೆಯ ಸಾರ.

ಹಿನ್ನೆಲೆ

ಕನ್ನಡ ನಾಡಿನಲ್ಲಿ ಮಾಂಸವನ್ನು ಕೆಂಡದಲ್ಲಿ ಸುಡುವ ಪದ್ಧತಿಗೆ ಲಿಖಿತ ದಾಖಲೆ ಹನ್ನೆರಡನೆಯ ಶತಮಾನದ್ದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು (ಆಳ್ವಿಕೆ 1126–1138) ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಅನ್ನಭೋಗ ಪ್ರಕರಣದಲ್ಲಿ ಹಂದಿಯ ಕೂದಲನ್ನು ಹುಲ್ಲಿನ ಬೆಂಕಿಯಲ್ಲಿ ಸೀಯಿಸಿ ತೆಗೆಯುವ ಕ್ರಮವಿದೆ. ಮಾಂಸದ ತುಂಡುಗಳನ್ನು ಕಂಬಿಗೆ ಚುಚ್ಚಿ ಕೆಂಡದ ಮೇಲೆ ಸುಡುವ ಭಡಿತ್ರಕವೆಂಬ ಅಡುಗೆಯೂ ಇದೆ. ಇಂದಿನ ಸೀಖ್ ಕಬಾಬಿನ ಕ್ರಮಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ.

ಅಡುಗೆ ಅನಿಲ ಮನೆಮನೆಗೆ ಬರುವವರೆಗೆ ಬೆಂಗಳೂರಿನ ಬಡಾವಣೆಗಳಲ್ಲಿ ಸೌದೆ ಡಿಪೋಗಳಿದ್ದವು. ಸೀಳಿದ ಸೌದೆಯನ್ನು ತೂಕಕ್ಕೆ ಹಾಕಿ ಮಾರುತ್ತಿದ್ದರು. ಸೌದೆಯನ್ನು ಮಿತವಾಗಿ ಉರಿಸುವುದು ಆಗ ವಿಜ್ಞಾನಿಗಳಿಗೂ ದೊಡ್ಡ ಪ್ರಶ್ನೆಯಾಗಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಆರಂಭವಾದ ಅಸ್ತ್ರ ಕೇಂದ್ರವು ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಅಡುಗೆ ಮಾಡುವ ಅಸ್ತ್ರ ಒಲೆಯನ್ನು ರೂಪಿಸಿತು. ಈಗ ಮನೆಗಳಲ್ಲಿ ಸೌದೆ ಒಲೆ ಅಪರೂಪವಾಗಿದೆ. ಆದರೆ ದೊನ್ನೆ ಬಿರಿಯಾನಿಯ ಹಂಡೆಗಳಿಗೆ, ಮದುವೆಯ ಬೀಗರ ಔತಣಕ್ಕೆ, ಕಬಾಬಿನ ಅಂಗಡಿಗಳಿಗೆ ಸೌದೆಯೂ ಇದ್ದಿಲೂ ಬೇಕು. ಯುಗಾದಿಯ ಮರುದಿನದ ಹೊಸತೊಡಕಿಗೆ ಮೈಸೂರು ರಸ್ತೆಯ ಮಟನ್ ಅಂಗಡಿಗಳ ಮುಂದೆ ಬೆಳಗಿನ ಜಾವದಿಂದಲೇ ಸಾಲು ನಿಲ್ಲುತ್ತದೆ; ಅಂದು ಎಷ್ಟೋ ಮನೆಗಳ ಮಹಡಿಯ ಮೇಲೆ ಒಲೆ ಹೂಡುತ್ತಾರೆ.

ಬೆಂಕಿಯ ಬಗೆಗಳು

ಯಾವ ಮರ ಒಳ್ಳೆಯದೆಂಬುದು ಅದರ ಬೆಂಕಿ ಮಾಂಸವನ್ನು ಹೇಗೆ ಮುಟ್ಟುತ್ತದೆ ಎಂಬುದನ್ನು ಅವಲಂಬಿಸಿದೆ.

ಮೊದಲನೆಯದು ಪಾತ್ರೆಯ ಕೆಳಗಿನ ಬೆಂಕಿ. ಬಿರಿಯಾನಿ, ಮಟನ್ ಸಾರು, ಕಾಲುಸೂಪುಗಳಲ್ಲಿ ಹೊಗೆ ಪಾತ್ರೆಯ ಹೊರಮೈಯನ್ನು ಸವರಿ ಹೋಗುತ್ತದೆ; ಮಾಂಸಕ್ಕೆ ತಗಲುವುದು ಅತ್ಯಲ್ಪ. ಇಲ್ಲಿ ಬೇಕಾದ್ದು ಒಂದೇ ಸಮನೆ ಉರಿಯುವ ಗುಣ. ದಮ್ ಕಟ್ಟುವಾಗ ಮುಚ್ಚಳದ ಮೇಲೆ ಹರಡುವ ಕೆಂಡವೂ ಈ ಗುಂಪಿಗೇ ಸೇರುತ್ತದೆ.

ಎರಡನೆಯದು ಬರಿಯ ಕೆಂಡ. ಕಬಾಬ್, ತಂದೂರಿ ಮುಂತಾದವಕ್ಕೆ ಉರಿ ಆರಿ, ಮೇಲೆ ಬೂದಿಯ ತೆಳುಪದರ ಬಂದ ಕೆಂಡ ಬೇಕು. ಈ ಹಂತದಲ್ಲಿ ಮರದ ಸ್ವಂತ ಪರಿಮಳ ಬಹುಪಾಲು ಸುಟ್ಟುಹೋಗಿರುತ್ತದೆ. ಕಬಾಬಿನ ಘಮ ಹೆಚ್ಚಾಗಿ ಹುಟ್ಟುವುದು ಮಾಂಸದ ಕೊಬ್ಬು ಮತ್ತು ಮಸಾಲೆಯ ರಸ ಕೆಂಡದ ಮೇಲೆ ತೊಟ್ಟಿಕ್ಕಿ ಆವಿಯಾಗುವುದರಿಂದ. ಆದ್ದರಿಂದ ಕೆಂಡದ ಮರಕ್ಕೆ ಪರಿಮಳಕ್ಕಿಂತ ಗಟ್ಟಿತನ ಮುಖ್ಯ.

ಮೂರನೆಯದು ಬಿಸಿ ಹೊಗೆ. ಮುಚ್ಚಿದ ಡ್ರಮ್ಮು ಅಥವಾ ಗೂಡಿನಲ್ಲಿ ಸುಮಾರು 100ರಿಂದ 130 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಮಾಂಸವನ್ನು ಗಂಟೆಗಟ್ಟಲೆ ಇಟ್ಟು ಬೇಯಿಸುವ ಕ್ರಮವಿದು. ಮರದ ಜಾತಿ ನಿಜವಾಗಿ ನಾಲಿಗೆಗೆ ತಿಳಿಯುವುದು ಇಲ್ಲಿ.

ನಾಲ್ಕನೆಯದು ಒಲೆಯ ಮೇಲಿನ ದೀರ್ಘ ಹೊಗೆ. ಉಪ್ಪು ಅರಿಶಿನ ಹಚ್ಚಿದ ಮಾಂಸದ ಪಟ್ಟಿಗಳನ್ನು ಒಲೆಯ ಮೇಲೆ ಎತ್ತರದಲ್ಲಿ ಕಟ್ಟಿ ದಿನಗಟ್ಟಲೆ ಒಣಗಿಸುವುದು ಕೊಡಗು, ಮಲೆನಾಡುಗಳ ಕ್ರಮ.

ಇವಲ್ಲದೆ ತಲೆ ಮತ್ತು ಕಾಲು ಸುಡುವ ಕೆಲಸವೊಂದಿದೆ. ಕುರಿ, ಮೇಕೆಯ ತಲೆಕಾಲಿನ ಕೂದಲನ್ನು ಸೀಯಿಸಿ, ಕೆರೆದು, ತೊಳೆಯುತ್ತಾರೆ. ಹಳ್ಳಿಗಳಲ್ಲಿ ಇದಕ್ಕೆ ಒಣಹುಲ್ಲು, ತೆಂಗಿನ ಗರಿ, ಸಣ್ಣ ಪುಳ್ಳೆಗಳು ಸಾಕು. ನಗರದಲ್ಲಿ ಹೆಚ್ಚಾಗಿ ಗ್ಯಾಸಿನ ಜ್ವಾಲೆ ಬಳಸುತ್ತಾರೆ. ಬೇಗ ಉರಿದು ಬೇಗ ಆರುವ ಉರುವಲೇ ಇದಕ್ಕೆ ಸರಿ, ಗಟ್ಟಿಮರದ ಅಗತ್ಯವಿಲ್ಲ.

ಮರದೊಳಗೆ ಇರುವುದು

ಒಣಮರದಲ್ಲಿ ಸೆಲ್ಯುಲೋಸ್, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ಎಂಬ ಮೂರು ಮುಖ್ಯ ಘಟಕಗಳಿವೆ. ತೂಕದ ಸುಮಾರು ಅರ್ಧದಷ್ಟು ಸೆಲ್ಯುಲೋಸ್. ಉಳಿದದ್ದನ್ನು ಇನ್ನೆರಡು ಹಂಚಿಕೊಳ್ಳುತ್ತವೆ. ಬಿಸಿ ಏರಿದಂತೆ ಮೊದಲು ಒಡೆಯುವುದು ಹೆಮಿಸೆಲ್ಯುಲೋಸ್, ಸುಮಾರು 200ರಿಂದ 300 ಡಿಗ್ರಿಯ ನಡುವೆ. ಹೊಗೆಯ ಹುಳಿಗೆ ಕಾರಣವಾದ ಅಸಿಟಿಕ್ ಆಮ್ಲ ಬಹುಪಾಲು ಇದರಿಂದಲೇ. ಅನಂತರ ಸೆಲ್ಯುಲೋಸ್ ಒಡೆದು ಸಕ್ಕರೆ ಸುಟ್ಟಂಥ ವಾಸನೆಯ ವಸ್ತುಗಳನ್ನು ಕೊಡುತ್ತದೆ. ಲಿಗ್ನಿನ್ ನಿಧಾನವಾಗಿ, ಇನ್ನೂ ಹೆಚ್ಚಿನ ಬಿಸಿಯವರೆಗೆ ಒಡೆಯುತ್ತ ಗ್ವಾಯಕಾಲ್, ಸಿರಿಂಗಾಲ್ ಎಂಬ ಫಿನಾಲುಗಳನ್ನು ಹೊರಬಿಡುತ್ತದೆ. ಹೊಗೆ ಹಿಡಿದ ಮಾಂಸದ ರುಚಿ ಹೆಚ್ಚಾಗಿ ಗ್ವಾಯಕಾಲಿನದು, ವಾಸನೆ ಸಿರಿಂಗಾಲಿನದು.

ಅಗಲ ಎಲೆಯ ಮರಗಳಲ್ಲಿ ಈ ಎರಡೂ ಹುಟ್ಟುತ್ತವೆ. ಪೈನಿನಂಥ ಸೂಜಿ ಎಲೆಯ ಮರಗಳ ಲಿಗ್ನಿನ್‌ನಿಂದ ಸಿರಿಂಗಾಲ್ ಬರುವುದು ಅತ್ಯಲ್ಪ. ಜೊತೆಗೆ ಅವುಗಳ ರಾಳ ಮಸಿಯನ್ನೂ ಕಹಿಯನ್ನೂ ಕೊಡುತ್ತದೆ. ಪೆಟ್ಟಿಗೆ ಒಡೆದ ಪೈನ್ ಹಲಗೆಯಲ್ಲಿ ಮಾಂಸ ಸುಡಬಾರದೆನ್ನಲು ಮೊದಲ ಕಾರಣವೇ ಇದು.

ತೇವಾಂಶ ಇನ್ನೊಂದು ಸಂಗತಿ. ಆಗತಾನೆ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದು. ಆ ನೀರು ಆವಿಯಾಗಲು ಬೆಂಕಿಯ ಶಾಖವನ್ನೇ ತಿನ್ನುತ್ತದೆ, ಉರಿ ತಣಿದು ದಟ್ಟ ಬಿಳಿಹೊಗೆ ಏಳುತ್ತದೆ. ಆ ಹೊಗೆಯಲ್ಲಿರುವ ಕ್ರಿಯೋಸೋಟ್ ಮಾಂಸದ ಮೇಲೆ ಕುಳಿತರೆ ನಾಲಿಗೆ ಮರಗಟ್ಟುವಂಥ ಕಹಿ ಉಳಿಯುತ್ತದೆ. ಶೇಕಡಾ 15ರಿಂದ 20ರಷ್ಟು ತೇವಾಂಶಕ್ಕೆ ಒಣಗಿದ ಮರದಿಂದ ಬರುವುದು ಕಣ್ಣಿಗೆ ಕಂಡೂ ಕಾಣದ ತೆಳುನೀಲಿ ಹೊಗೆ. ಮಾಂಸವನ್ನು ಒಳಗಿಡಬೇಕಾದದ್ದು ಬಿಳಿಹೊಗೆ ಹೋಗಿ ಈ ನೀಲಿ ಹೊಗೆ ಕಾಣಿಸಿದ ಮೇಲೆ.

ಕೆಂಡಕ್ಕೆ ತಕ್ಕ ಮರಗಳು

ಹುಣಸೆ: ಹಳೆ ಮೈಸೂರು ಸೀಮೆಯಲ್ಲಿ ಕೆಂಡಕ್ಕೆ ಹುಣಸೆಯನ್ನು ಮೀರಿಸುವ ಮರ ಕಡಿಮೆ. ಒಣಗಿದ ಹುಣಸೆ ಒಂದು ಘನ ಮೀಟರಿಗೆ ಸುಮಾರು 900 ಕಿಲೋ ತೂಗುತ್ತದೆ. ಹೊತ್ತಿಕೊಳ್ಳಲು ತಡ, ಹೊತ್ತಿದ ಮೇಲೆ ಕೆಂಡ ಬಹಳ ಹೊತ್ತು ನಿಲ್ಲುತ್ತದೆ. ಅದರ ಇದ್ದಿಲನ್ನು ಹಿಂದೆ ಮದ್ದಿನಪುಡಿಗೂ ಬಳಸುತ್ತಿದ್ದರು. ಮಾಂಸದಂಗಡಿಗಳಲ್ಲಿ ಕತ್ತಿಯ ಏಟು ತಾಳುವ ಕೊರಡೂ ಹೆಚ್ಚಾಗಿ ಹುಣಸೆಯದೇ. ಆದರೆ ಹುಣಸೆ ನಿಧಾನವಾಗಿ ಬೆಳೆಯುವ ಮರ. ದೇವನಹಳ್ಳಿಯ ಬಳಿಯ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಫಲ ಕೊಡುವ ಮರವನ್ನು ಕೆಂಡಕ್ಕಾಗಿ ಕಡಿಯುವುದು ತಪ್ಪು. ಬಿದ್ದ ಮರದ ಕೊಂಬೆ ಸಿಕ್ಕಿದರೆ ಮಾತ್ರ ಬಳಸುವುದು ನ್ಯಾಯ.

ಕರಿಜಾಲಿ: ಗೊಬ್ಬಳಿ ಎಂದೂ ಹೆಸರಿದೆ. ಹೊಲದ ಬದು, ಕೆರೆಯಂಗಳಗಳಲ್ಲಿ ಬೆಳೆಯುತ್ತದೆ. ಕೆಂಪು ಚೇಗಿನ ಗಟ್ಟಿಮರ. ಕೆಂಡ ಚೆನ್ನಾಗಿ ನಿಲ್ಲುತ್ತದೆ. ತೊಗಟೆಯಲ್ಲಿ ಟ್ಯಾನಿನ್ ಹೆಚ್ಚಿರುವುದರಿಂದ ಅದನ್ನು ಸುಲಿದು ಉರಿಸುವುದು ಒಳ್ಳೆಯದು.

ಬಳ್ಳಾರಿ ಜಾಲಿ: ಅಮೆರಿಕ ಖಂಡದಿಂದ ಬಂದು ಕರ್ನಾಟಕದ ಒಣಜಿಲ್ಲೆಗಳ ಬೀಳುಭೂಮಿ, ಕೆರೆಗಳನ್ನು ಆವರಿಸಿಕೊಂಡ ಮುಳ್ಳುಮರ. ಕಡಿದಷ್ಟೂ ಚಿಗುರುತ್ತದೆ. ಬಳ್ಳಾರಿ, ರಾಯಚೂರು, ಪಾವಗಡದ ಕಡೆ, ನೆರೆಯ ಅನಂತಪುರ ಮತ್ತು ತಮಿಳುನಾಡಿನ ರಾಮನಾಥಪುರದ ಸೀಮೆಯಲ್ಲಿ ಇದರಿಂದ ಇದ್ದಿಲು ಸುಡುವುದು ದೊಡ್ಡ ಕಸುಬು. ಅಮೆರಿಕದ ಟೆಕ್ಸಾಸಿನಲ್ಲಿ ಮಾಂಸ ಸುಡಲು ಹೆಸರಾದ ಮೆಸ್ಕೀಟ್ ಇದೇ ಕುಲದ ಮರ. ಹವಾಯಿ ದ್ವೀಪಗಳ ಕಿಯಾವೆಯೂ ಇದರ ಬಂಧು. ವಿದೇಶದ ಮೆಸ್ಕೀಟ್ ಚಕ್ಕೆಯನ್ನು ದುಬಾರಿ ಬೆಲೆಗೆ ತರಿಸುವವರು ತಮ್ಮ ನಾಡಿನ ಬಯಲಿನಲ್ಲೇ ಅದರ ಸೋದರ ಬೆಳೆದು ನಿಂತಿರುವುದನ್ನು ಗಮನಿಸಬೇಕು. ಇದರ ಹಸಿಹೊಗೆ ಖಾರವಾದದ್ದು, ಬೇಗ ಮಾಂಸಕ್ಕೆ ಹತ್ತುತ್ತದೆ. ಆದ್ದರಿಂದ ಇದನ್ನು ಇದ್ದಿಲಾಗಿ ಅಥವಾ ಕೆಂಡವಾದ ಮೇಲೆ ಬಳಸುವುದು ಸೂಕ್ತ. ಪರಿಸರದ ದೃಷ್ಟಿಯಿಂದಲೂ ಇದನ್ನು ಉರಿಸುವುದರಿಂದ ನಷ್ಟವಿಲ್ಲ.

ಸರ್ವೆ: ಗಾಳಿಮರವೆಂದೂ ಕರೆಯುತ್ತಾರೆ. ಭಾರತದಲ್ಲಿ ಇದನ್ನು ಉರುವಲಿಗಾಗಿ ಮೊದಲು ನೆಟ್ಟದ್ದು 1868ರಲ್ಲಿ, ಕಾರವಾರದಲ್ಲಿ. ನೋಡಲು ಸೂಜಿ ಎಲೆಯ ಮರದಂತಿದ್ದರೂ ಪೈನಿನ ಜಾತಿಯಲ್ಲ, ರಾಳವಿಲ್ಲ. ಹಸಿಯಾಗಿದ್ದರೂ ಉರಿಯಬಲ್ಲದು, ಬೂದಿ ಕಡಿಮೆ, ಕಿಲೋಗೆ 4,900 ಕಿಲೋಕ್ಯಾಲರಿಯಷ್ಟು ಶಾಖ. ಹಂಡೆಯ ಕೆಳಗೂ ಕೆಂಡಕ್ಕೂ ನಂಬಬಹುದಾದ ಮರ.

ದಿಂಡಿಗ: ದಖ್ಖನ್ನಿನ ಒಣಕಾಡುಗಳ ಮರ. ಇದ್ದಿಲಿಗೆ ಬಹಳ ಹಿಂದಿನಿಂದ ಹೆಸರಾದದ್ದು. ಕಾಡಿನ ಮರವಾದ್ದರಿಂದ ಇಂದು ಮನೆಬಳಕೆಗೆ ಇದನ್ನು ಹುಡುಕಬಾರದು.

ಹೊಗೆಗೆ ತಕ್ಕ ಮರಗಳು

ಸೀಬೆ: ಪೇರಲ ಎಂದರೂ ಇದೇ. ಹಣ್ಣಿನ ಮರಗಳಲ್ಲಿ ಹೊಗೆಗೆ ಅತ್ಯುತ್ತಮವಾದವುಗಳಲ್ಲಿ ಒಂದು. ಮರ ಗಟ್ಟಿ, ಹೊಗೆ ಹದವಾದದ್ದು, ತುಸು ಸಿಹಿ. ಹಿತ್ತಿಲ ಸೀಬೆಯನ್ನು ವರ್ಷವರ್ಷವೂ ಸವರುವುದರಿಂದ ಮರ ಕಡಿಯದೆಯೇ ಕೊಂಬೆ ಸಿಗುತ್ತದೆ. ಕೋಳಿ, ಹಂದಿ, ಮೀನು ಮೂರಕ್ಕೂ ಒಪ್ಪುತ್ತದೆ.

ಮಾವು: ರಾಮನಗರ, ಚನ್ನಪಟ್ಟಣ, ಮಾಗಡಿಯ ತೋಟಗಳಿಂದ ಧಾರಾಳವಾಗಿ ಸಿಗುತ್ತದೆ. ಘನ ಮೀಟರಿಗೆ ಸುಮಾರು 600 ಕಿಲೋ ತೂಗುವ ಮಧ್ಯಮ ಮರ. ಬೇಗ ಉರಿದುಹೋಗುವುದರಿಂದ ಕೆಂಡಕ್ಕೆ ಅಷ್ಟು ಒಳ್ಳೆಯದಲ್ಲ, ಹೊಗೆಗೆ ಚೆನ್ನ. ಮಾವಿನ ಸೊನೆ ಕೆಲವರ ಚರ್ಮಕ್ಕೆ ಆಗದು. ಹಸಿಕೊಂಬೆಯನ್ನು ಬಳಸದೆ ತೊಗಟೆ ತೆಗೆದು ಚೆನ್ನಾಗಿ ಒಣಗಿಸಿ ಬಳಸಬೇಕು.

ಹಿಪ್ಪುನೇರಳೆ: ರೇಷ್ಮೆಯ ಸೀಮೆಯಾದ ರಾಮನಗರ, ಕನಕಪುರ, ಮಾಗಡಿಗಳಲ್ಲಿ ಸೊಪ್ಪು ಕೊಯ್ದ ಮೇಲೆ ಕಡ್ಡಿಗಳು ರಾಶಿಯಾಗಿ ಉಳಿಯುತ್ತವೆ. ಅಮೆರಿಕ, ಯೂರೋಪುಗಳಲ್ಲಿ ಹಿಪ್ಪುನೇರಳೆ ಹೊಗೆಗೆ ಮೆಚ್ಚಿನ ಮರ. ಸೇಬಿನ ಮರದ ಹೊಗೆಗೆ ಅದನ್ನು ಹೋಲಿಸುತ್ತಾರೆ. ಎಳೆ ಕಡ್ಡಿಗಿಂತ ಹಳೆಯ ಗಿಡದ ಬುಡದ ತುಂಡು ಮೇಲು. ರೇಷ್ಮೆಹುಳುವಿಗೆ ವಿಷ ತಗಲಬಾರದೆಂದು ಬೆಳೆಗಾರರು ಕೀಟನಾಶಕದ ವಿಚಾರದಲ್ಲಿ ಎಚ್ಚರವಾಗಿರುತ್ತಾರೆ. ಆದರೂ ಯಾವಾಗ ಏನು ಸಿಂಪಡಿಸಿದ್ದರೆಂದು ಕೇಳಿ ತರುವುದು ಕ್ಷೇಮ. ಪಶ್ಚಿಮ ಬೆಂಗಳೂರಿಗೆ ಇಷ್ಟು ಹತ್ತಿರದ, ಇಷ್ಟು ಒಳ್ಳೆಯ ಹೊಗೆಮರ ಇನ್ನೊಂದಿಲ್ಲ.

ಕಾಫಿ: ಚಿಕ್ಕಮಗಳೂರು, ಹಾಸನ, ಕೊಡಗಿನ ತೋಟಗಳಲ್ಲಿ ಹಳೆಯ ಗಿಡಗಳನ್ನು ಕಿತ್ತು ಹೊಸದು ನೆಡುವಾಗ ಸಿಗುವ ಬುಡಗಳು. ಮರ ಗಂಟುಗಂಟಾಗಿ, ಗಟ್ಟಿಯಾಗಿ, ನಿಧಾನವಾಗಿ ಉರಿಯುತ್ತದೆ. ಹೊಗೆಯಲ್ಲಿ ಕಾಫಿ ಪುಡಿಯ ವಾಸನೆ ಇರುವುದಿಲ್ಲ. ಅದು ಬೀಜ ಹುರಿದಾಗ ಬರುವಂಥದು. ಕೊಬ್ಬಿರುವ ಹಂದಿ, ಕುರಿಮಾಂಸಗಳಿಗೆ ಇದು ಚೆನ್ನಾಗಿ ಹೊಂದುತ್ತದೆ.

ಹಲಸು, ನೇರಳೆ, ಸಪೋಟ: ಮೂರೂ ಬಳಸಬಹುದಾದವು. ಹಲಸು ಮತ್ತು ಸಪೋಟದಲ್ಲಿ ಹಾಲು ಇರುವುದರಿಂದ ಪೂರ್ತಿ ಒಣಗಿದ ಮೇಲೆಯೇ ಉರಿಸಬೇಕು.

ಹಂಡೆಯೊಲೆಗೆ ಮಾತ್ರ

ನೀಲಗಿರಿ: ನಂದಿಬೆಟ್ಟದಲ್ಲಿ ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ ಮೊದಲು ನೆಟ್ಟರೆಂದು ಹೇಳುವ ಈ ಮರ ಇಪ್ಪತ್ತನೆಯ ಶತಮಾನದಲ್ಲಿ ಕೋಲಾರ, ಬೆಂಗಳೂರು ಗ್ರಾಮಾಂತರದ ಹೊಲಗಳನ್ನೇ ತುಂಬಿತು. ಅಂತರ್ಜಲ ಕುಸಿಯುವ ಭಯದಿಂದ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನು ನಿಷೇಧಿಸಿತು. ಅಗ್ಗವಾದ್ದರಿಂದ ಸೌದೆ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಪಾತ್ರೆಯ ಕೆಳಗೆ ಇದು ತೊಂದರೆಯಿಲ್ಲದ ಸೌದೆ. ನೇರ ಹೊಗೆಗೆ ಮಾತ್ರ ಬೇಡ: ಎಲೆಯ ತೈಲದ ಔಷಧಿ ವಾಸನೆ ತೊಗಟೆ, ಎಳೆಗೊಂಬೆಗಳಿಂದಲೂ ಬಂದು ಮಾಂಸಕ್ಕೆ ಅಂಟುತ್ತದೆ.

ಹೊಂಗೆ: ಸುಲಭವಾಗಿ ಒಣಗಿ ಚೆನ್ನಾಗಿ ಉರಿಯುತ್ತದೆ. ಬೆಂಗಳೂರಿನ ಬೀದಿಬದಿಯ ಮರಗಳಲ್ಲಿ ಉರುವಲಾಗಿ ಒಳ್ಳೆಯದು ಇದೇ. ಹೊಗೆ ಕಹಿಯಾದ್ದರಿಂದ ಹಂಡೆಯ ಕೆಳಗಷ್ಟೆ.

ಸಿಲ್ವರ್ ಓಕ್: ವಿದೇಶದ ಪಾಕವಿಧಾನಗಳಲ್ಲಿ ಓಕ್ ಮರವನ್ನು ಹೊಗಳಿರುವುದನ್ನು ಓದಿ ಕೆಲವರು ಕಾಫಿತೋಟದ ಸಿಲ್ವರ್ ಓಕನ್ನು ತರುತ್ತಾರೆ. ಇದು ಓಕ್ ಅಲ್ಲ, ಆಸ್ಟ್ರೇಲಿಯದ ಬೇರೆಯೇ ಕುಟುಂಬದ ಮರ. ಹಗುರ, ಕೆಂಡ ನಿಲ್ಲದು. ಇದರ ರಸ ಚರ್ಮಕ್ಕೆ ತುರಿಕೆ ತರುವುದುಂಟು. ಮಾಂಸಕ್ಕೆ ಹೊಗೆ ಕೊಡಲು ಬಳಸಬಾರದು.

ಮಳೆಗಾಲದ ಮುನ್ನ ಗಾಳಿಗೆ ಬೀಳುವ ಗುಲ್‌ಮೊಹರ್, ಮಳೆಮರ, ಕಾಪರ್‌ಪಾಡ್ ಕೊಂಬೆಗಳು ಹಗುರಾಗಿದ್ದು ಹುಲ್ಲಿನಂತೆ ಉರಿದು ಹೋಗುತ್ತವೆ. ಬೆಂಕಿ ಹೊತ್ತಿಸಲು ಅವು ಸಾಕು.

ತೆಂಗಿನ ಚಿಪ್ಪು

ಮರವಲ್ಲದಿದ್ದರೂ ಈ ನಾಡಿನ ಮಟ್ಟಿಗೆ ತೆಂಗಿನ ಚಿಪ್ಪಿಗೆ ಮೊದಲ ಸಾಲಿನಲ್ಲಿ ಜಾಗವಿದೆ. ಲಿಗ್ನಿನ್ ಹೆಚ್ಚಿರುವ, ಬಹಳ ಗಟ್ಟಿಯಾದ ಉರುವಲು. ಕೊಬ್ಬರಿಯ ದೊಡ್ಡ ಮಾರುಕಟ್ಟೆಯಾದ ತಿಪಟೂರಿನ ಸುತ್ತ ಚಿಪ್ಪಿನಿಂದ ಇದ್ದಿಲು ಮಾಡುತ್ತಾರೆ. ಈ ಇದ್ದಿಲು ಒಂದೇ ಸಮನೆ ಉರಿಯುತ್ತದೆ, ಹೊಗೆ ಬಹಳ ಕಡಿಮೆ, ಮರ ಕಡಿಯುವ ಪ್ರಶ್ನೆಯೇ ಇಲ್ಲ. ಹಸಿ ಚಿಪ್ಪನ್ನು ನೇರವಾಗಿ ಉರಿಸಿದರೆ ಎಣ್ಣೆಯ ಅಂಶದಿಂದ ಕರಿಹೊಗೆ ಏಳುತ್ತದೆ. ಆ ಉರಿ ಇಳಿದು ಕೆಂಡವಾದ ಮೇಲೆ ಮಾಂಸವಿಡಬೇಕು. ತೆಂಗಿನ ಸಿಪ್ಪೆಯ ಹೊಗೆ ಮೀನಿಗೆ ಒಗ್ಗುತ್ತದೆ. ಲಕ್ಷದ್ವೀಪದಲ್ಲಿ ಟ್ಯೂನಾ ಮೀನನ್ನು ಬೇಯಿಸಿ, ಹೊಗೆಯಾಡಿಸಿ, ಬಿಸಿಲಿಗೆ ಒಣಗಿಸಿ ಮಾಸ್ಮಿನ್ ಮಾಡುವುದು ಈ ಹೊಗೆಯಲ್ಲೇ.

ಮಹಡಿಯೂ ಹಿತ್ತಿಲೂ ಇಲ್ಲದ ಮನೆಗಳಿಗೆ ಧುಂಗಾರ್ ವಿಧಾನವಿದೆ. ಬೆಂದ ಮಾಂಸದ ನಡುವೆ ಪುಟ್ಟ ಬಟ್ಟಲಿಟ್ಟು, ಅದರಲ್ಲೊಂದು ಕೆಂಡವಿರಿಸಿ, ಮೇಲೆ ತುಪ್ಪ ತೊಟ್ಟಿಕ್ಕಿಸಿ ಐದು ನಿಮಿಷ ಮುಚ್ಚಳ ಮುಚ್ಚಿದರೆ ಸಾಕು. ಇದಕ್ಕೆ ಚಿಪ್ಪಿನ ಇದ್ದಿಲಿಗಿಂತ ಶುದ್ಧವಾದದ್ದಿಲ್ಲ.

ಮಾಂಸಕ್ಕೆ ತಕ್ಕ ಹೊಗೆ

ಕೋಳಿ ಮತ್ತು ಮೀನಿನ ಮಾಂಸ ಹೊಗೆಯನ್ನು ಬೇಗ ಹೀರುತ್ತದೆ. ಸೀಬೆ, ಹಿಪ್ಪುನೇರಳೆ, ಮಾವಿನಂಥ ಮೆದುಹೊಗೆ ಸಾಕು. ಹಂದಿಯ ಕೊಬ್ಬು ಗಾಢ ಹೊಗೆಯನ್ನೂ ತಾಳುತ್ತದೆ. ಅದಕ್ಕೆ ಕಾಫಿ, ಸೀಬೆ ಒಳ್ಳೆಯದು. ಕುರಿ, ಮೇಕೆಗಳಿಗೆ ತಮ್ಮದೇ ಗಾಢ ವಾಸನೆ ಇರುವುದರಿಂದ ಹೆಚ್ಚು ಹೊಗೆ ಹಾಕಿದರೆ ಎರಡೂ ಜಗಳಕ್ಕೆ ನಿಲ್ಲುತ್ತವೆ. ಹುಣಸೆ ಅಥವಾ ಜಾಲಿಯ ಶುದ್ಧ ಕೆಂಡ, ಅದರ ಮೇಲೆ ಹಣ್ಣಿನ ಮರದ ಒಂದು ತುಂಡು, ಇಷ್ಟೇ ಸಾಕು. ಬನ್ನೂರು ಕುರಿಯಂಥ ಕೊಬ್ಬು ಹದವಾಗಿ ಹರಡಿದ ಮಾಂಸಕ್ಕೆ ಬರಿಯ ಕೆಂಡವೇ ಹೆಚ್ಚು ಗೌರವ.

ಒಂದೆರಡು ಕಿಲೋ ಮಾಂಸಕ್ಕೆ ಮುಷ್ಟಿಗಾತ್ರದ ಎರಡು ಮೂರು ತುಂಡು ಹೊಗೆಮರ ಸಾಕಾಗುತ್ತದೆ. ಚಕ್ಕೆಯನ್ನು ನೀರಿನಲ್ಲಿ ನೆನೆಸುವುದರಿಂದ ಪ್ರಯೋಜನವಿಲ್ಲ: ನೀರು ಮೇಲ್ಮೈಯನ್ನಷ್ಟೇ ತೋಯಿಸುತ್ತದೆ, ಅದು ಆರುವವರೆಗೆ ಆವಿ ಬರುತ್ತದೆ. ಮಾಂಸ ಹೊಗೆಯನ್ನು ಚೆನ್ನಾಗಿ ಹಿಡಿಯುವುದು ಮೊದಲ ಗಂಟೆಗಳಲ್ಲಿ. ಆಮೇಲೆ ಬೇಕಾದ್ದು ಶಾಖ ಮಾತ್ರ.

ಕೊಡಗಿನ ಪದ್ಧತಿ

ಕರ್ನಾಟಕದಲ್ಲಿ ಹೊಗೆಮಾಂಸದ ಜೀವಂತ ಪರಂಪರೆ ಕೊಡಗಿನದು. ಬಿಸಿಲೇ ಕಾಣದ ಮಳೆಗಾಲದಲ್ಲಿ ಮಾಂಸ ಉಳಿಸಿಕೊಳ್ಳಲು ಒಲೆಯ ಹೊಗೆಯೇ ದಾರಿಯಾಗಿತ್ತು. ಉಪ್ಪು, ಅರಿಶಿನ ಹಚ್ಚಿದ ಪಟ್ಟಿಗಳನ್ನು ಅಡುಗೆಮನೆಯ ಒಲೆಯ ಮೇಲೆ ಕಟ್ಟಿ ಒಣಗಿಸಿದ ಒಣಕ್ ಎರ್ಚಿಯನ್ನು ಬೇಕಾದಾಗ ನೆನೆಸಿ, ಜಜ್ಜಿ, ಹುರಿಯುತ್ತಾರೆ. ಒಲೆಗೆ ತೋಟದ ಸೌದೆ: ಕಾಫಿಯ ಬುಡ, ನೆರಳಿನ ಮರಗಳಿಂದ ಸವರಿದ ಕೊಂಬೆ. ಹಾಲುವಾಣದಂಥ ಮೆದುಮರ ಕೆಂಡ ಕೊಡದ್ದರಿಂದ ಗಟ್ಟಿಸೌದೆಯನ್ನೇ ನೆಚ್ಚುತ್ತಾರೆ. ಇಲ್ಲಿ ಮಾಂಸವನ್ನು ಕಾಪಾಡುವುದು ಹೊಗೆಯೊಂದೇ ಅಲ್ಲ. ಉಪ್ಪು, ಒಣಗುವಿಕೆ ಮತ್ತು ಹೊಗೆಯ ಆಮ್ಲ, ಫಿನಾಲುಗಳು ಸೇರಿ ಆ ಕೆಲಸ ಮಾಡುತ್ತವೆ. ಇದನ್ನು ತಿಳಿಯದೆ ಬೆಂಗಳೂರಿನ ಫ್ಲಾಟಿನಲ್ಲಿ ಉಪ್ಪಿಲ್ಲದ ಮಾಂಸವನ್ನು ತಣ್ಣನೆಯ ಹೊಗೆಗೆ ಕಟ್ಟುವುದು ಅಪಾಯ: 5ರಿಂದ 60 ಡಿಗ್ರಿಯ ನಡುವೆ ಮಾಂಸದಲ್ಲಿ ಸೂಕ್ಷ್ಮಾಣುಗಳು ಬೇಗ ಬೆಳೆಯುತ್ತವೆ. ಮನೆಯಲ್ಲಿ ಬಿಸಿ ಹೊಗೆಯೇ ಸರಿ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಲೇಬೇಕು.

ಹೊರನಾಡುಗಳಲ್ಲಿ

ಪ್ರತಿ ಸೀಮೆಯೂ ತನ್ನ ಸುತ್ತ ಬೆಳೆಯುವ ಮರವನ್ನೇ ಮಾಂಸಕ್ಕೆ ಒಗ್ಗಿಸಿಕೊಂಡಿದೆ. ಅಮೆರಿಕದ ದಕ್ಷಿಣದಲ್ಲಿ ಹಿಕ್ಕರಿ ಮತ್ತು ಓಕ್, ಅದರ ವಾಯವ್ಯ ಕರಾವಳಿಯ ಸಾಲ್ಮನ್ ಮೀನಿಗೆ ಆಲ್ಡರ್, ಜರ್ಮನಿಯಲ್ಲಿ ಬೀಚ್, ಜಮೈಕದ ಜರ್ಕ್ ಮಾಂಸಕ್ಕೆ ಪಿಮೆಂಟೊ ಮರ, ಅರ್ಜೆಂಟೀನದಲ್ಲಿ ಕೆಬ್ರಾಚೊ, ಜಪಾನಿನ ವಕಾಯಾಮದಲ್ಲಿ ಉಬಾಮೆ ಓಕಿನಿಂದ ಮಾಡುವ ಬಿಂಚೋತಾನ್ ಇದ್ದಿಲು. ನಾಗಾಲ್ಯಾಂಡಿನ ಹೊಗೆಹಂದಿಯೂ ಅಲ್ಲಿನ ಒಲೆಸೌದೆಯ ಫಲವೇ. ಇವರಲ್ಲಿ ಯಾರೂ ಸೌದೆಯನ್ನು ದೂರದೇಶದಿಂದ ತರಿಸಿ ತಮ್ಮ ಅಡುಗೆ ಕಟ್ಟಲಿಲ್ಲ.

ಬಳಸಬಾರದ ಮರಗಳು

ಕಣಗಿಲೆಯ ಎಲ್ಲ ಭಾಗಗಳಲ್ಲೂ ಹೃದಯಕ್ಕೆ ಕೆಡುಕಾದ ವಿಷವಿದೆ. ಅದರ ಸೌದೆ, ಹೊಗೆ ಮಾತ್ರವಲ್ಲ, ಕಬಾಬ್ ಚುಚ್ಚಲು ಅದರ ಕಡ್ಡಿಯೂ ಕೂಡದು. ಕಾಸರಕ, ಎಕ್ಕ, ಕಳ್ಳಿಗಳೂ ವರ್ಜ್ಯ. ಮಲೆನಾಡಿನ ಕರಿಗೇರು, ಹೊಳೆಗೇರುಗಳ ಸೊನೆ ಮೈಮೇಲೆ ಬೊಬ್ಬೆ ಎಬ್ಬಿಸುತ್ತದೆ; ಗೋಡಂಬಿಯ ಸಿಪ್ಪೆಯ ಎಣ್ಣೆಯೂ ಹಾಗೆಯೇ. ಬೇಲಿಯ ಲಂಟಾನ, ಹಸಿರುಗೊಬ್ಬರಕ್ಕೆ ಬೆಳೆಸುವ ಗ್ಲಿರಿಸಿಡಿಯ ಬೇಡ. ಬೇವಿನ ಹೊಗೆ ಕಹಿ. ತೇಗದ ಎಣ್ಣೆ, ರಂಗಿನ ವಸ್ತುಗಳು ಮಾಂಸಕ್ಕೆ ಸಲ್ಲವು.

ಇವುಗಳಿಗಿಂತ ನಗರದಲ್ಲಿ ಹತ್ತಿರದ ಅಪಾಯ ಮನುಷ್ಯ ಕೈಯಾಡಿಸಿದ ಮರದ್ದು. ಪ್ಲೈವುಡ್, ಪಾರ್ಟಿಕಲ್ ಬೋರ್ಡುಗಳ ಅಂಟಿನಿಂದ ಫಾರ್ಮಾಲ್ಡಿಹೈಡ್ ಹೊರಬರುತ್ತದೆ. ಹುಳು ಹಿಡಿಯದಂತೆ ಸಂಸ್ಕರಿಸಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಇರಬಹುದು. ಸುಟ್ಟರೆ ಆರ್ಸೆನಿಕ್ ಹೊಗೆಯಲ್ಲೂ ಬೂದಿಯಲ್ಲೂ ಉಳಿಯುತ್ತದೆ. ಹಳೆಯ ಬಾಗಿಲು ಕಿಟಕಿಗಳ ಬಣ್ಣದಲ್ಲಿ ಸೀಸವಿರುವುದುಂಟು. ರೈಲ್ವೆಯ ಹಳೆಯ ಮರದ ಸ್ಲೀಪರುಗಳಿಗೆ ಕ್ರಿಯೋಸೋಟ್ ಕುಡಿಸಿರುತ್ತಾರೆ. ಸರಕಿನ ಪ್ಯಾಲೆಟ್‌ಗಳ ಮೇಲೆ ಎಂ.ಬಿ. ಎಂಬ ಮುದ್ರೆಯಿದ್ದರೆ ಮಿಥೈಲ್ ಬ್ರೋಮೈಡ್ ಎಂಬ ವಿಷಾನಿಲದಿಂದ ಸಂಸ್ಕರಿಸಿದ್ದೆಂದು ಅರ್ಥ, ಎಚ್.ಟಿ. ಎಂದಿದ್ದರೆ ಶಾಖದಿಂದ ಸಂಸ್ಕರಿಸಿದ್ದು. ಆದರೂ ಸಾಗಣೆಯಲ್ಲಿ ಅದರ ಮೇಲೆ ಏನು ಚೆಲ್ಲಿದೆಯೋ ತಿಳಿಯದ್ದರಿಂದ ಎರಡನ್ನೂ ಬಿಡುವುದೇ ಲೇಸು. ಸಾಮಿಲ್ಲಿನ ಹೊಟ್ಟಿನಲ್ಲಿ ಹತ್ತು ಮರಗಳ ಪುಡಿ, ಯಂತ್ರದ ಎಣ್ಣೆ ಬೆರೆತಿರುತ್ತದೆ. ತಲೆಕಾಲು ಸೀಯಿಸಲು ಟೈರು, ಪ್ಲಾಸ್ಟಿಕ್ ಉರಿಸುವುದಂತೂ ಮಹಾಪರಾಧ.

ಮರದ ಗುರುತಿನ ಬಗ್ಗೆ ನಿಜವಾದ ಅನುಮಾನವಿದ್ದು, ಹೋಟೆಲಿನಂಥ ದೊಡ್ಡ ಬಳಕೆಗೆ ಸೌದೆ ಕೊಳ್ಳುವವರಿಗೆ ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ನೆರವಿದೆ. 1938ರಲ್ಲಿ ಮೈಸೂರು ಸಂಸ್ಥಾನದ ಅರಣ್ಯ ಸಂಶೋಧನಾಲಯವಾಗಿ ಹುಟ್ಟಿದ ಈ ಸಂಸ್ಥೆ ಮರದ ಮಾದರಿಗಳ ಸಂಗ್ರಹವನ್ನು ಹೊಂದಿದ್ದು ಜಾತಿ ಗುರುತಿಸಿ ಕೊಡುತ್ತದೆ.

ಕೊಳ್ಳುವುದು, ಒಣಗಿಸುವುದು

ಒಣಸೌದೆಯ ತುದಿಯಲ್ಲಿ ಬಿರುಕುಗಳಿರುತ್ತವೆ, ತೊಗಟೆ ಸಡಿಲವಾಗಿರುತ್ತದೆ, ಎರಡು ತುಂಡನ್ನು ಬಡಿದರೆ ಠಣ್ಣೆನ್ನುತ್ತದೆ. ಹಸಿಯದು ಮಂಕಾಗಿ ಸದ್ದು ಮಾಡುತ್ತದೆ. ಬೂಷ್ಟು ಹಿಡಿದದ್ದನ್ನು ಬಿಡಬೇಕು. ಕೊಂಡ ಸೌದೆಯನ್ನು ಸೀಳಿ, ನೆಲಕ್ಕೆ ತಾಗದಂತೆ ಇಟ್ಟಿಗೆಯ ಮೇಲೆ ಅಡ್ಡಡ್ಡ ಪೇರಿಸಿ, ಮೇಲೆ ಮಾತ್ರ ಹೊದಿಸಿ ಪಕ್ಕಗಳಲ್ಲಿ ಗಾಳಿಯಾಡಲು ಬಿಟ್ಟರೆ ಒಂದು ಬೇಸಿಗೆಯಲ್ಲಿ ಮಧ್ಯಮ ಮರಗಳು ಹದಕ್ಕೆ ಬರುತ್ತವೆ. ಹುಣಸೆ, ಜಾಲಿಗಳಿಗೆ ಅದಕ್ಕಿಂತ ಹೆಚ್ಚು ಕಾಲ ಬೇಕು. ಇದ್ದಿಲು ಕೊಳ್ಳುವಾಗ ಪುಡಿ ಕಡಿಮೆಯಿರುವ, ಮುರಿದರೆ ಹೊಳೆಯುವ, ಕೈಗೆ ಹಗುರಾದ ತುಂಡುಗಳನ್ನು ನೋಡಬೇಕು. ಕಂದುಬಣ್ಣದ ಅರೆಸುಟ್ಟ ತುಂಡು ಹೊಗೆಯುಗುಳುತ್ತದೆ. ಚೆನ್ನಾಗಿ ಸುಟ್ಟ ಇದ್ದಿಲು ಕಿಲೋಗೆ ಸುಮಾರು 7,000 ಕಿಲೋಕ್ಯಾಲರಿ ಶಾಖ ಕೊಡುತ್ತದೆ. ಆದರೆ ಮಣ್ಣಿನ ಗೂಡುಗಳಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಮರ ಹೋಗುತ್ತದೆಂಬುದನ್ನು ಮರೆಯಬಾರದು. ಸೀಮೆಎಣ್ಣೆ ಸುರಿದು ಹೊತ್ತಿಸಿದರೆ ಅದರ ನಾತ ಮಾಂಸಕ್ಕೇ ಹತ್ತುತ್ತದೆ. ಒಣಗಿದ ತೆಂಗಿನ ನಾರು, ಪುಳ್ಳೆಗಳೇ ಸಾಕು.

ಆರೋಗ್ಯ

ಮರ ಅತಿ ಬಿಸಿಯಲ್ಲಿ ಗಾಳಿ ಸಾಲದೆ ಉರಿದಾಗ, ಕೊಬ್ಬು ಕೆಂಡಕ್ಕೆ ಬಿದ್ದು ಹೊತ್ತಿದಾಗ ಬೆಂಜೊಪೈರೀನ್ ಮುಂತಾದ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಹುಟ್ಟುತ್ತವೆ. ಯೂರೋಪಿಯನ್ ಒಕ್ಕೂಟ 2014ರಿಂದ ಹೊಗೆಮಾಂಸದಲ್ಲಿ ಬೆಂಜೊಪೈರೀನ್ ಕಿಲೋಗೆ 2 ಮೈಕ್ರೊಗ್ರಾಂ ಮೀರಬಾರದೆಂದು ನಿಯಮ ಮಾಡಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2015ರಲ್ಲಿ ಹೊಗೆಯಾಡಿಸಿದ ಮಾಂಸವೂ ಸೇರಿದ ಸಂಸ್ಕರಿತ ಮಾಂಸವನ್ನು ಮೊದಲ ಗುಂಪಿನ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಒಣಮರ, ಚೆನ್ನಾಗಿ ಆಡುವ ಗಾಳಿ, ಕೆಂಡಕ್ಕೂ ಮಾಂಸಕ್ಕೂ ಸಾಕಷ್ಟು ಅಂತರ, ಕರಿಕಾದ ಭಾಗವನ್ನು ತೆಗೆದುಹಾಕುವುದು, ಇವು ಅಪಾಯ ತಗ್ಗಿಸುವ ಸುಲಭ ದಾರಿಗಳು. ಹೊಗೆಮಾಂಸ ಹಬ್ಬದ ಊಟವಾಗಿರಲಿ, ದಿನದ ಊಟವಾಗುವುದು ಬೇಡ.

ಕರ್ನಾಟಕ ಸರ್ಕಾರ 2024ರ ಜೂನ್‌ನಲ್ಲಿ ಕಬಾಬುಗಳಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಒಳ್ಳೆಯ ಕೆಂಡದಲ್ಲಿ ಸುಟ್ಟ ಮಾಂಸದ ಕೆಂಗಂದು ಬಣ್ಣ ಆ ಕೊರತೆಯನ್ನು ತಾನಾಗಿಯೇ ತುಂಬುತ್ತದೆ.

ಇದ್ದಿಲಿನ ಅಗ್ಗಿಷ್ಟಿಕೆಯನ್ನು ಮುಚ್ಚಿದ ಕೋಣೆಯಲ್ಲಿ, ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಎಂದೂ ಹಚ್ಚಬಾರದು. ಹೊಗೆ ಕಾಣದಿದ್ದರೂ ಕಾರ್ಬನ್ ಮಾನಾಕ್ಸೈಡ್ ತುಂಬಿ ಪ್ರಾಣ ಹೋಗುತ್ತದೆ.

ಕಾನೂನು

ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ, 1976ರ ಪ್ರಕಾರ ನಗರದಲ್ಲಿ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಬೀದಿಮರದ ಕೊಂಬೆಯನ್ನು ಸೌದೆಗೆಂದು ಕಡಿಯುವುದು ಅಪರಾಧ. ಶ್ರೀಗಂಧ, ಬೀಟೆಯಂಥ ಮರಗಳಿಗೆ 1963ರ ಅರಣ್ಯ ಕಾಯಿದೆಯ ಕಟ್ಟುನಿಟ್ಟಾದ ನಿರ್ಬಂಧಗಳಿವೆ.

ಒಟ್ಟಿನಲ್ಲಿ ಮೂಡಲಪಾಳ್ಯದ ಅಡುಗೆಗೆ ತಕ್ಕ ಆಯ್ಕೆ ಸ್ಪಷ್ಟವಾಗಿದೆ. ಕೆಂಡಕ್ಕೆ ಬಳ್ಳಾರಿ ಜಾಲಿಯ ಇದ್ದಿಲು ಅಥವಾ ತೆಂಗಿನ ಚಿಪ್ಪಿನದು, ಹೊಗೆಗೆ ಸೀಬೆ, ಹಿಪ್ಪುನೇರಳೆ ಅಥವಾ ಕಾಫಿಯ ಒಣತುಂಡು, ಹಂಡೆಯೊಲೆಗೆ ಸರ್ವೆ. ಇವುಗಳಲ್ಲಿ ಯಾವುದಕ್ಕೂ ಕಾಡು ಕಡಿಯಬೇಕಿಲ್ಲ, ಕಡಲಾಚೆಯಿಂದ ತರಿಸಬೇಕಿಲ್ಲ. ಹೆಸರು ತಿಳಿಯದ ಸೌದೆಯನ್ನು ಮಾತ್ರ, ಎಷ್ಟೇ ಅಗ್ಗವಾಗಿ ಸಿಕ್ಕರೂ, ಮಕ್ಕಳು ಉಣ್ಣುವ ಮಾಂಸದ ಕೆಳಗೆ ಹಚ್ಚಬೇಡಿ.